ಹೊಲಿಸಿಟ್ಟ ಚಪ್ಪಲಿ

ಇಂಟರ್ನೆಟ್ ಡಬ್ಬಿಯ ವೈರು ಕಿತ್ತಿತ್ತು. ಕಿತ್ತವರು ಅದನ್ನು ಎಸೆದಿರಲಿಲ್ಲ, ಕತ್ತರಿಸಿರಲಿಲ್ಲ — ನೀಟಾಗಿ ಸುರುಳಿ ಸುತ್ತಿ ಪಕ್ಕದ ಮೊಳೆಗೆ ನೇತುಹಾಕಿದ್ದರು.

"ನಾನು ಓಡಿ ಬಂದಾಗ ಹೀಗೇ ಇತ್ತು ಮೇಡಂ," ಎಂದ ಗಂಡ. "ಒಂದು ಬೆರಳೂ ತಾಗಿಸಿಲ್ಲ."

ವೈರು ಕಿತ್ತ ಹೊತ್ತಿನಲ್ಲಿ ಒಳಕೋಣೆಯಲ್ಲಿ ಅವನ ಹೆಂಡತಿ ಪರೀಕ್ಷೆ ಬರೆಯುತ್ತಿದ್ದಳು. ಆಸ್ಪತ್ರೆಯ ಡಯಾಲಿಸಿಸ್ ಘಟಕದಲ್ಲಿ ಅವಳು ಟೆಕ್ನಿಷಿಯನ್. ಈ ಸರ್ಟಿಫಿಕೇಟ್ ಕೈಗೆ ಬಂದರೆ ಘಟಕದ ಉಸ್ತುವಾರಿ ಅವಳದೇ. ಪತ್ರಿಕೆ ಮುಕ್ಕಾಲು ಮುಗಿದಿತ್ತು. ಅಷ್ಟರಲ್ಲಿ ಕ್ಯಾಮೆರಾದಲ್ಲಿ ಅವಳ ಮುಖ ನಿಂತಲ್ಲೇ ನಿಂತುಬಿಟ್ಟಿತು.

ಮನೆಯಲ್ಲಿ ಕೂತು ಬರೆಯುವವರ ಸಂಪರ್ಕ ತಾನಾಗಿ ಕಡಿದರೆ ನಮ್ಮ ಪರೀಕ್ಷಾ ಮಂಡಳಿ ಏನೂ ಅನ್ನುವುದಿಲ್ಲ. ಯಾರೋ ಕಿತ್ತರು ಅಂದರೆ ಮೊದಲ ಅನುಮಾನ ಬರೆಯುವವರ ಮೇಲೇ. ಪತ್ರಿಕೆ ಕಷ್ಟವಾದ ಕೂಡಲೇ ಮನೆಯವರಿಗೆ ಸನ್ನೆ ಮಾಡಿ ವೈರು ಕೀಳಿಸಿ, 'ಅಯ್ಯೋ, ಇನ್ನೊಮ್ಮೆ ಕೊಡಿ' ಎನ್ನುವ ಚಾಲಾಕಿಗಳನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಅಂಥವರಿಗೆ ಎರಡು ವರ್ಷ ನಿಷೇಧ. ಎರಡು ವರ್ಷ ಕಳೆಯುವಷ್ಟರಲ್ಲಿ ಉಸ್ತುವಾರಿ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರುತ್ತಾರೆ.

ಅದಕ್ಕೇ ತನಿಖೆಗೆ ನಮ್ಮ ಮೇಡಂ ಬಂದದ್ದು. ಪರೀಕ್ಷಾ ಕೊಠಡಿಗಳಲ್ಲಿ ಓಡಾಡಿಯೇ ತಲೆ ನರೆತವರು. ಚೀಟಿ ಹಿಡಿದೂ ಹಿಡಿದೂ 'ಹದ್ದು' ಎಂದು ಹೆಸರಾದವರು. ನಾನು ಅವರ ಸಹಾಯಕ. ಸಹಾಯಕ ಅಂದರೆ ಬ್ಯಾಗು ಹೊರುವುದು, ಬೈಸಿಕೊಳ್ಳುವುದು. ಅವತ್ತು ನನ್ನ ಮೂಗು ಬೇರೆ ಸೋರುತ್ತಿತ್ತು. ನಮ್ಮ ಕಚೇರಿ, ಪರೀಕ್ಷಾ ಕೇಂದ್ರ ಎರಡೂ ಇರುವುದು ನಗರದ ಹಳೆಯ ಟೆಲಿಫೋನ್ ಎಕ್ಸ್‌ಚೇಂಜ್ ಕಟ್ಟಡದಲ್ಲಿ. ಹಿಂದೆ ವೈರುಗಳು ಹಾಯುತ್ತಿದ್ದ ತೂತುಗಳನ್ನು ಯಾವ ಪುಣ್ಯಾತ್ಮನೂ ಮುಚ್ಚಿಸಿಲ್ಲ. ಗಾಳಿ ಸೀದಾ ಕಿವಿಗೇ ನುಗ್ಗುತ್ತದೆ. ಗಾಯದ ಮೇಲೆ ಬರೆ ಎಂಬಂತೆ, ಈ ಮನೆಯ ಮೆಟ್ಟಿಲು ಹತ್ತುವಾಗ ನನ್ನ ಚಪ್ಪಲಿಯ ಪಟ್ಟಿ ಕಿತ್ತುಬಂತು. ಕಾಲೆಳೆದುಕೊಂಡೇ ಒಳಗೆ ಹೋದೆ.

ನಡುಮನೆಯ ಕಿಟಕಿಯ ಬಳಿ ಇಂಟರ್ನೆಟ್ ಡಬ್ಬಿ. ಅದರ ಪಕ್ಕದಲ್ಲೇ ಒಂದು ಕುರ್ಚಿ. ಕುರ್ಚಿಯಲ್ಲಿ ಅತ್ತೆ, ಅಂದರೆ ಗಂಡನ ತಾಯಿ. ಮೊಣಕಾಲು ನೋವಿನಿಂದ ಮನೆ ಬಿಟ್ಟು ಹೊರಗೆ ಹೋಗಿ ಎಷ್ಟೋ ವರ್ಷವಾಗಿತ್ತಂತೆ.

ಮೇಡಂ ಗಂಡನಿಂದ ಶುರು ಮಾಡಿದರು.

"ಪರೀಕ್ಷೆ ಮನೇಲೇ ಬರೀಲಿ ಅಂತ ಯಾರು ತೀರ್ಮಾನ ಮಾಡಿದ್ದು?"

"ನಾನೇ. ಅವಳು ಮೊದ್ಲು ಸೆಂಟರ್ ಅಂತಲೇ ಹಾಕಿದ್ಲು. ರೈಲಲ್ಲಿ ಅರ್ಧ ದಿನ ಹೋಗು, ಅರ್ಧ ದಿನ ಬಾ — ಯಾಕೆ ಬೇಕು ಆ ಪಡಿಪಾಟಲು? ಹೋದ ತಿಂಗಳೇ ಆನ್‌ಲೈನ್‌ಗೆ ಬದಲಾಯಿಸಿದೆ. ಮನೇಲಿದ್ರೆ ಅಮ್ಮನ ಊಟ ತಿಂಡೀನೂ ಆಗುತ್ತಲ್ಲ."

"ಯಾರೂ ತಕರಾರು ಮಾಡ್ಲಿಲ್ವಾ?"

"ಇವಳು ಎರಡು ದಿನ ಮುಖ ಊದಿಸ್ಕೊಂಡಿದ್ಲು. ಅಮ್ಮನಂತೂ," ಅವನು ನಕ್ಕ, "ಸೆಂಟರ್‌ಗೆ ನಾನೂ ಜೊತೆಗೆ ಬರ್ತೀನಿ ಅಂತ ಕೂತಿದ್ರು. ಬಾಗಿಲ ತನಕ ಹೋಗೋಕೆ ಗೋಡೆ ಹಿಡ್ಕೊಳ್ಳೋರು, ನಗರಕ್ಕೆ ಬರ್ತಾರಂತೆ. ಎಲ್ಲರೂ ನಕ್ಕುಬಿಟ್ವಿ."

"ಹೆಂಡತಿ ಉಸ್ತುವಾರಿ ಆದ್ರೆ ಕೆಲಸ ಜಾಸ್ತಿ ಆಗುತ್ತೆ. ನಿಮಗೆ ಇಷ್ಟ ಇದ್ಯಾ?"

"ಇಲ್ಲ. ಆದ್ರೆ ವೈರು ಕೀಳೋಷ್ಟು ಸಣ್ಣವನಲ್ಲ ಮೇಡಂ. ಆಗ ನಾನು ಗೇಟ್ ಹತ್ರ ಇದ್ದೆ. ಮಹಡಿ ಮನೆಯವರು ಇಳಿದು ಬಂದಿದ್ರು. ಒಳಗೆ ಪರೀಕ್ಷೆ ಅಂತ ಅಲ್ಲೇ ತಡೆದು ನಿಲ್ಲಿಸಿದ್ದೆ."

ಮಹಡಿ ಮನೆಯಾಕೆ ಅದೇ ಆಸ್ಪತ್ರೆಯ ನರ್ಸ್, ಅದೇ ಉಸ್ತುವಾರಿ ಕುರ್ಚಿಯ ಮೇಲೆ ಕಣ್ಣಿಟ್ಟವಳು. ಅವಳನ್ನೂ ಕರೆಸಿದೆವು.

"ಹೌದು, ಆ ಜಾಗ ನನಗೂ ಬೇಕು," ಎಂದಳು ನೇರವಾಗಿ. "ಆದ್ರೆ ಒಳಗಿಂದ ಇವಳು ಕೂಗಿದಾಗ ನಾವಿಬ್ಬರೂ ಗೇಟಲ್ಲೇ ಇದ್ವಿ. ಬೇಕಿದ್ರೆ ಎದುರುಮನೆಯವರನ್ನ ಕೇಳಿ. ಅವರ ಕಣ್ಣು ತಪ್ಪಿಸಿ ಈ ಬೀದೀಲಿ ಇಲಿಯೂ ಓಡಾಡಲ್ಲ."

ಕೇಳಿದೆವು. ಮಾತು ನಿಜವಾಗಿತ್ತು.

ಉಳಿದದ್ದು ಸೊಸೆ. ಅತ್ತು ಅತ್ತು ಅವಳ ಕಣ್ಣು ಕೆಂಪಾಗಿತ್ತು.

"ನಾನೇ ಕೀಳಿಸಿದೆ ಅಂತ ಬರ್ಕೊಳ್ತೀರಾ?"

"ಸೆಂಟರ್ ಯಾಕೆ ಬೇಕಿತ್ತು ನಿಂಗೆ?"

"ನಗ್ತೀರಿ ಮೇಡಂ."

"ನಾನು ನಗೋದು ಕಮ್ಮಿ. ಇವನನ್ನ ಕೇಳು."

ನಾನು ತಲೆಯಾಡಿಸಿದೆ.

"ಮದುವೆ ಗೊತ್ತಾಯ್ತು ಅಂತ ಕಾಲೇಜಿನ ಕೊನೆ ಪರೀಕ್ಷೆ ಬರೀಲೇ ಇಲ್ಲ. ಈ ಕೆಲಸ ಎಲ್ಲ ಆಮೇಲೆ ಆಸ್ಪತ್ರೇಲೇ ಕಲಿತಿದ್ದು. ಒಂದೇ ಒಂದು ಸಲ ಪರೀಕ್ಷೆ ಹಾಲಲ್ಲಿ ಕೂತು ಬರೀಬೇಕು ಅಂತ ಆಸೆ. ಬೆಂಚಿನ ಮೇಲೆ ನನ್ನ ನಂಬರು ಇರ್ಬೇಕು, ಗಂಟೆ ಹೊಡೀಬೇಕು, ಪಕ್ಕದವರು ಪೆನ್ನು ಕಚ್ತಾ ಕೂತಿರ್ಬೇಕು. ಮನೇಲಿ ಕೂತ್ರೆ ಒಂದು ಕಿವಿ ಕುಕ್ಕರ್ ಕಡೆಗೇ ಇರುತ್ತೆ." ಅವಳು ಮುಖ ಒರೆಸಿಕೊಂಡಳು. "ಆ ಆಸೆ ಇವತ್ತಿಗೂ ಹೋಗಿಲ್ಲ."

"ಇದನ್ನ ಯಾರ ಹತ್ರ ಹೇಳಿದ್ದೆ?"

"ಅತ್ತೆ ಹತ್ರ. ತಲೆ ಬಾಚಿಸ್ಕೊಳ್ಳೋವಾಗ."

ಕಳ್ಳಿ ತಾನಾಗಿಯೇ ಸಿಕ್ಕಿಬಿದ್ದಳು ಅಂದುಕೊಂಡೆ. ಸೆಂಟರ್ ಬೇಕಿತ್ತು, ವೈರು ಕೀಳಿಸಿದಳು. ಇನ್ನೇನು ಬೇಕು ಸಾಕ್ಷಿ? ಮೇಡಂ ಮುಖದಲ್ಲಿ ಮಾತ್ರ ಏನೂ ಕಾಣಲಿಲ್ಲ.

ಕೊನೆಗೆ ಅತ್ತೆ.

"ನೀವು ಪೂರ್ತಿ ಹೊತ್ತು ಇಲ್ಲೇ ಕೂತಿದ್ರಾ?"

"ಇಲ್ಲೇ ಇದ್ದೆ ಕಣಮ್ಮ."

"ಈ ಡಬ್ಬಿ ಹತ್ರ ಯಾರಾದ್ರೂ ಬಂದ್ರಾ?"

"ಯಾರೂ ಬರ್ಲಿಲ್ಲ."

"ಕಣ್ಣು ಹತ್ತಿತ್ತೇನೋ?"

"ಕೂತಲ್ಲಿ ತೂಕಡಿಸೋದು ನನ್ನ ಜಾಯಮಾನದಲ್ಲೇ ಇಲ್ಲ. ಒಂದು ಕಾಲದಲ್ಲಿ ಪಾಳಿ ಮೇಲೆ ಕೆಲಸ ಮಾಡಿದೋಳು ನಾನು." ಆಕೆ ಎದುರು ಗೋಡೆಯತ್ತ ನೋಡಿದರು. ಅಲ್ಲೊಂದು ಮಾಸಲು ಫೋಟೋ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಎರಡು ಜಡೆಯ ಹುಡುಗಿ ನಗುತ್ತಿದ್ದಳು.

ಅಲ್ಲಿಗೆ ವಿಚಾರಣೆ ಮುಗಿಯಿತು. ಬಾಗಿಲಿಗೆ ಬಂದು ಕಿತ್ತ ಚಪ್ಪಲಿ ಕೈಗೆತ್ತಿಕೊಂಡೆ. ಚಪ್ಪಲಿ ಗೂಡಿನ ಮೂಲೆಯಲ್ಲಿ ಹೆಂಗಸರ ಹಳೆಯ ಜೋಡಿಯೊಂದು ಕಂಡಿತು. ಅಟ್ಟೆಯ ಮೇಲೆ ವರ್ಷಗಳ ಧೂಳು. ಪಟ್ಟಿಗೆ ಮಾತ್ರ ಬೆಳ್ಳನೆಯ ಹೊಸ ದಾರದ ಹೊಲಿಗೆ. ನನಗೆ ಹೊಟ್ಟೆಕಿಚ್ಚಾಯಿತು.

"ಇದನ್ನ ಯಾರ ಹತ್ರ ಹೊಲಿಸಿದ್ರಿ? ನನ್ನದೂ ಕಿತ್ತುಹೋಗಿದೆ."

"ಅದು ಅಮ್ಮಂದು," ಎಂದ ಗಂಡ, ಬಗ್ಗಿ ನೋಡುತ್ತ. "ಹೊಲಿಸಿದಾರಾ? ಚಪ್ಪಲಿ ಹೊಲಿಯೋನು ಭಾನುವಾರ ಮಾತ್ರ ಈ ಬೀದಿಗೆ ಬರೋದು."

ಪರೀಕ್ಷೆ ನಡೆದದ್ದು ಬುಧವಾರ. ನಾವು ಬಂದದ್ದು ಶುಕ್ರವಾರ.

ಮೇಡಂ ಮೆಟ್ಟಿಲಿಳಿಯುತ್ತಿದ್ದವರು ನಿಂತರು. ತಿರುಗಿ ಒಳಗೆ ಬಂದು, ಕುರ್ಚಿಯೊಂದನ್ನು ಎಳೆದುಕೊಂಡು ಅತ್ತೆಯ ಎದುರಿಗೇ ಕೂತರು.

"ಎಲ್ಲಿಗೆ ಹೊರಟಿದ್ರಮ್ಮ?"

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ನಾನೇ ಹೇಳ್ತೀನಿ," ಎಂದರು ಮೇಡಂ. "ಸೊಸೆ ಅಲ್ಲಿವರೆಗೆ ಬರೆದ ಉತ್ತರ ನೋಡಿದೀನಿ. ಆಗಲೇ ಪಾಸಾಗೋ ಅಷ್ಟು ಸರಿ ಇದ್ವು. ಗೆಲ್ತಾ ಇರೋರು ಆಟ ಕೆಡಿಸಲ್ಲ, ಇವಳಲ್ಲ. ಉಳಿದಿಬ್ಬರು ಗೇಟಲ್ಲಿದ್ರು. ಸಿಟ್ಟಿಂದ ಕಿತ್ತೋರು ವೈರನ್ನ ಸುರುಳಿ ಸುತ್ತಿ ತೂಗುಹಾಕಲ್ಲ. ಅದು ದಿನಾ ಟೆಲಿಫೋನ್ ಬೋರ್ಡಿಗೆ ವೈರು ಚುಚ್ಚಿ, ಕಿತ್ತು, ಜೋಪಾನ ಮಾಡಿದ ಕೈ. ಡಬ್ಬಿ ಹತ್ರ ಯಾರೂ ಬರ್ಲಿಲ್ಲ ಅಂದ್ರಿ, ಅದೂ ನಿಜ — ನೀವು ಅಲ್ಲೇ ಇದ್ರಲ್ಲ. ಅದನ್ನೂ ಒಪ್ಪಬಹುದಿತ್ತು, ಆಕಸ್ಮಿಕ ಅಂತ. ಆದ್ರೆ ಪರೀಕ್ಷೆಗೆ ಮೊದ್ಲೇ ಚಪ್ಪಲಿ ಹೊಲಿಸಿಟ್ಟಿದೀರಿ. ಸೊಸೆ ಸೆಂಟರ್‌ಗೆ ಹೋಗ್ಬೇಕಾಗುತ್ತೆ ಅಂತ ಭಾನುವಾರವೇ ಗೊತ್ತಿದ್ದದ್ದು ಈ ಮನೇಲಿ ಒಬ್ಬರಿಗೇ. ಆ ಸೆಂಟರ್ ಇರೋ ಕಟ್ಟಡ ಹಿಂದೆ ಏನಾಗಿತ್ತು ಅನ್ನೋದು ಈ ಫೋಟೋದ ಹುಡುಗಿಗೆ ಚೆನ್ನಾಗಿ ಗೊತ್ತು."

"ಅಮ್ಮ?" ಎಂದ ಮಗ.

"ಹೂಂ ಕಣೋ. ನಾನೇ," ಎಂದರು ಅತ್ತೆ.

ಸೊಸೆ ಬಾಗಿಲಿಗೆ ಒರಗಿ ನಿಂತುಬಿಟ್ಟಳು. "ಎರಡು ವರ್ಷ ಬರಿಯೋ ಹಾಗಿಲ್ಲ ಅಂತ ಮಾಡ್ತಿದ್ರು, ಅತ್ತೆ. ನನ್ನ ಹೊಟ್ಟೆ ಮೇಲೇ ಹೊಡೆದುಬಿಟ್ರಲ್ಲ."

"ಅದು ಗೊತ್ತಿರ್ಲಿಲ್ಲ ಕಣೇ. ದೇವರಾಣೆಗೂ ಗೊತ್ತಿರ್ಲಿಲ್ಲ. ನಮ್ಮ ಎಕ್ಸ್‌ಚೇಂಜಲ್ಲಿ ಮಾತಾಡ್ತಾ ಇರೋವಾಗ ಲೈನ್ ಕಟ್ಟಾದ್ರೆ ಮಾತಾಡೋರದ್ದು ತಪ್ಪಲ್ಲ. ಮತ್ತೆ ಲೈನ್ ಕೊಡ್ಬೇಕು, ಅದು ರೂಲು. ನಿಂಗೂ ಮತ್ತೆ ಕೊಡ್ತಾರೆ, ಮನೇಲಿ ಲೈನ್ ಸರಿಯಿಲ್ಲ ಅಂತ ಸೆಂಟರ್‌ಗೇ ಕರೀತಾರೆ ಅಂದ್ಕೊಂಡೆ."

"ಒಂದು ಮಾತು ಕೇಳಬಹುದಿತ್ತಲ್ಲ?"

"ಕೇಳಿದ್ನಲ್ಲೇ. ಎಲ್ಲರೂ ನಕ್ರಿ."

ಮಗ ತಲೆ ತಗ್ಗಿಸಿದ.

"ನಿನ್ನ ಆಸೆ ಕೇಳಿದ ಮೇಲೆ ನನ್ನದೂ ಎದ್ದು ಕೂತ್ಕೊಳ್ತು," ಎಂದರು ಅತ್ತೆ. "ಅವತ್ತು ಮಧ್ಯಾಹ್ನ ಅಪ್ಪ ಎಕ್ಸ್‌ಚೇಂಜ್ ಬಾಗಿಲಿಗೆ ಬಂದು, ಗಂಡಿನ ಕಡೆಯವರು ನೋಡೋಕೆ ಬಂದಿದಾರೆ ನಡಿ ಅಂದ್ರು. ಪಕ್ಕದ ಬೋರ್ಡಿನ ಗೆಳತಿಗೆ, ನನ್ನ ಲೈನು ನೋಡ್ಕೊಳ್ಳೇ, ಈಗ ಬಂದೆ ಅಂತ ಹೇಳಿ ಹೊರಟೆ. ಅಷ್ಟೇ. ಮತ್ತೆ ಆ ಕಡೆ ಯಾರೂ ಬಿಡ್ಲಿಲ್ಲ. ಆ ಕೆಲಸ ಅಂದ್ರೆ ನಂಗೆ ಪ್ರಾಣ ಕಣೇ. ಇವತ್ತಿಗೂ ಕನಸಲ್ಲಿ ಬೋರ್ಡಿನ ದೀಪ ಮಿನುಗುತ್ತೆ, ಯಾರೋ ಕರೀತಾ ಇರ್ತಾರೆ, ಕೈ ಎಟುಕಲ್ಲ. ಆ ಕೋಣೇನ ಒಂದ್ಸಲ ನೋಡ್ಬೇಕು ಅನ್ನಿಸ್ತು."

ಸೊಸೆಯ ಸಿಟ್ಟು ಇಳಿದಿರಲಿಲ್ಲ. ಆದರೂ ಬಂದು ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

ಮೇಡಂ ಎದ್ದರು. "ವೈರು ಕಿತ್ತಿದ್ದು ಮನೆಯವರು, ಬರೆಯೋರಿಗೆ ಗೊತ್ತಿಲ್ಲ ಅಂತ ವರದಿ ಕೊಡ್ತೀನಿ. ನಿಷೇಧ ಇಲ್ಲ. ಆದ್ರೆ ಈ ಮನೇಲಿ ಇನ್ನು ಆನ್‌ಲೈನ್ ಪರೀಕ್ಷೆ ಇಲ್ಲ. ಸೆಂಟರ್‌ಗೇ ಬಂದು ಮೊದಲಿಂದ ಬರೀಬೇಕು. ಗೆದ್ದ ಆಟ ಮತ್ತೆ ಆಡೋದು ಸುಲಭ ಅಲ್ಲ, ಚೆನ್ನಾಗಿ ಓದ್ಕೊ."

ಪರೀಕ್ಷೆಯ ದಿನ ಕೇಂದ್ರದ ಬಾಗಿಲಲ್ಲಿ ನಾನೇ ನಿಂತಿದ್ದೆ, ಮೂಗೊರೆಸಿಕೊಳ್ಳುತ್ತ. ಮೂವರೂ ಬಂದರು. ಮಗನ ತೋಳು ಹಿಡಿದು ಅತ್ತೆ ಒಂದೊಂದೇ ಮೆಟ್ಟಿಲು ಹತ್ತಿದರು, ಮೆಟ್ಟಿಲಿಗೊಮ್ಮೆ ನಿಂತರು. ಹೊಲಿಸಿದ ಚಪ್ಪಲಿಯ ಧೂಳನ್ನು ಯಾರೋ ಚೆನ್ನಾಗಿ ಒರೆಸಿದ್ದರು. ಸೊಸೆ ಪರೀಕ್ಷಾ ಹಾಲಿನೊಳಗೆ ಹೋಗಿ, ಬೆಂಚಿನ ಮೇಲೆ ಅಂಟಿಸಿದ್ದ ತನ್ನ ನಂಬರನ್ನು ಬೆರಳಿಂದ ಸವರಿ ನೋಡಿ ಕೂತಳು. ಬಾಗಿಲು ಮುಚ್ಚುವ ಮೊದಲು ಒಮ್ಮೆ ಅತ್ತೆಯತ್ತ ತಿರುಗಿದಳು. ಮುಖದಲ್ಲಿ ಭಯ ಇತ್ತು, ನಗುವೂ ಇತ್ತು.

ಹೊರಗಿನ ಕೋಣೆಯಲ್ಲಿ ನಾನು ಕುರ್ಚಿ ಹಾಕಿಕೊಟ್ಟೆ. ಅತ್ತೆಗೆ ಆ ಜಾಗ ಬೇಡವಾಯಿತು. ಗೋಡೆ ಹಿಡಿದು ನಡೆದು, ಸಾಲಾಗಿ ತೂತುಗಳಿದ್ದ ಕಡೆ, ಕಿಟಕಿಯಿಂದ ಎರಡನೆಯ ಜಾಗ ತೋರಿಸಿದರು. ಕುರ್ಚಿ ಅಲ್ಲಿಗೆ ತಂದೆ. ಕೂತರು. ಗಾಳಿ ಬರುತ್ತಿದ್ದ ತೂತಿನ ಮೇಲೆ ಅಂಗೈ ಇಟ್ಟರು.

ಒಳಗೆ ಗಂಟೆ ಹೊಡೆಯಿತು. ಆಕೆ ಪಕ್ಕದ ಖಾಲಿ ಜಾಗದತ್ತ ತಿರುಗಿ ಮೆಲ್ಲಗೆ ಹೇಳಿದರು:

"ಬಂದೆ ಕಣೇ. ಸ್ವಲ್ಪ ತಡ ಆಯ್ತು."