ಒದ್ದೆಯಾಗದ ಒಂಬತ್ತನೇ ಜಾಕೆಟ್

ಹದಿನೇಳನೇ ತಾರೀಖು, ಮಂಗಳವಾರ. ಮಧ್ಯಾಹ್ನ ಮೂರೂವರೆಗೆ ಠಾಣೆಗೆ ಒಬ್ಬ ಹೆಂಗಸು ಓಡಿಬಂದಳು. ಬೆಳಿಗ್ಗೆ ಹತ್ತರ ದೋಣಿಯಲ್ಲಿ ಹಳೇ ಬಂದರಿನ ಊರು ನೋಡಲು ಹೋದ ಅವಳ ತಾಯಿ ಒಂದು ಗಂಟೆಗೇ ಮರಳಬೇಕಿತ್ತು. ಮನೆಗೆ ಬಂದಿರಲಿಲ್ಲ.

ದೂರು ಬರೆದುಕೊಂಡ ಮಹಿಳಾ ಕಾನ್‌ಸ್ಟೇಬಲ್‌ಗೆ ಈಜು ಬಾರದು. ನೀರೆಂದರೆ ಅವಳಿಗೆ ಜೀವ ಬಾಯಿಗೆ ಬರುತ್ತದೆ. ಠಾಣೆಯವರು ಅವಳಿಗೆ ‘ಪುಕ್ಕಲಿ’ ಎಂದೇ ಹೆಸರಿಟ್ಟಿದ್ದರು. ಎಫ್‌ಐಆರ್ ದಾಖಲಿಸಿ, ಐದು ಹತ್ತಕ್ಕೆ ಅವಳೂ ಮುಖ್ಯಪೇದೆಯೂ ಇನ್ಸ್‌ಪೆಕ್ಟರೂ ದೋಣಿಕಟ್ಟೆ ತಲುಪಿದರು.

“ಬೆಳಿಗ್ಗೆ ಹೋದ ಅಜ್ಜಿ ಒಬ್ಬರು ಮನೆ ಸೇರಿಲ್ಲ. ಎಷ್ಟು ಜನ ಹೋಗಿದ್ರು?” ಇನ್ಸ್‌ಪೆಕ್ಟರ್ ದೋಣಿಯವನನ್ನು ಕೇಳಿದರು.

“ಹದಿನಾಲ್ಕು ಸಾರ್.”

“ಬಂದಿದ್ದು?”

“ಹದಿನಾಲ್ಕೂ ಬಂದ್ರು. ಲೈಫ್ ಜಾಕೆಟ್ ಎಣಿಸಿ ತಗೊಂಡಿದೀನಲ್ಲ. ಬರುವಾಗ ಅಲೆ ಜೋರಿತ್ತು, ಒಬ್ಬರೂ ಬಿಡದೆ ತೊಪ್ಪೆಯಾದ್ರು. ಅಜ್ಜಿ ಇಳಿದು ಬಸ್ ಸ್ಟ್ಯಾಂಡ್ ಕಡೆ ಹೋಗಿದ್ದನ್ನ ಕಣ್ಣಾರೆ ಕಂಡೆ.”

ಇನ್ಸ್‌ಪೆಕ್ಟರ್ ಬಸ್ ಸ್ಟ್ಯಾಂಡಿಗೆ ಫೋನ್ ಹಚ್ಚಿದರು. ಪುಕ್ಕಲಿ ಟಿಕೆಟ್ ಶೆಡ್ಡಿನೊಳಗೆ ಹೋದಳು. ಗೂಟಗಳಿಗೆ ಹದಿನಾಲ್ಕು ಜಾಕೆಟ್ ನೇತುಹಾಕಿತ್ತು. ಒಂದೊಂದನ್ನೇ ಮುಟ್ಟುತ್ತ ಹೋದಳು. ಹದಿಮೂರು ಒದ್ದೆ. ಒಂಬತ್ತನೇ ನಂಬರಿನದು ಮಾತ್ರ ಗರಿಗರಿ ಒಣಗಿತ್ತು. ಟಿಕೆಟ್ ಪುಸ್ತಕದಲ್ಲಿ ಒಂಬತ್ತರ ಎದುರು ‘ವೃದ್ಧೆ, ಒಬ್ಬರೇ’ ಎಂದಿತ್ತು.

ಅವಳಿಗೆ ತಟ್ಟನೆ ಹೊಳೆಯಿತು. ಹೋಗುವಾಗ ಸಮುದ್ರ ಶಾಂತವಾಗಿತ್ತು. ಅಜ್ಜಿ ಜಾಕೆಟ್ಟನ್ನು ದೋಣಿಯ ಹಲಗೆಯಡಿಯ ಗೂಡಿನಲ್ಲೇ ಬಿಚ್ಚಿಟ್ಟು ಇಳಿದಿದ್ದಾಳೆ. ಇವನು ತಲೆ ಎಣಿಸದೆ ಜಾಕೆಟ್ ಎಣಿಸಿದ್ದಾನೆ. ಆ ಊರಿನಲ್ಲಿ ಈಗ ನರಪಿಳ್ಳೆಯೂ ವಾಸವಿಲ್ಲ. ಆರು ಗಂಟೆಗೆ ಭರತ. ದಡದ ಕಲ್ಲುಹಾದಿ ಮುಳುಗಿಹೋಗುತ್ತದೆ.

“ಸಾರ್, ಅಜ್ಜಿ ಅಲ್ಲೇ ಇದಾರೆ!”

ದೋಣಿಯವನ ಮುಖ ಬಿಳಿಚಿಕೊಂಡಿತು. ಜಾಕೆಟ್ಟಿನ ಪಂಚನಾಮೆ ಮುಗಿಸಲು ಮುಖ್ಯಪೇದೆಗೆ ಹೇಳಿ ಇನ್ಸ್‌ಪೆಕ್ಟರ್ ಅದೇ ದೋಣಿ ಹತ್ತಿದರು. ಬೇರೆ ದೋಣಿ ಇರಲಿಲ್ಲ.

“ನೀನು ಇಲ್ಲೇ ಇರ್ತೀಯೇನಮ್ಮ?”

“ಬರ್ತೀನಿ ಸಾರ್,” ಎಂದಳು. ಕಟ್ಟೆಯ ಗೂಟ ಹಿಡಿದು ಮೆಲ್ಲಗೆ ದೋಣಿಗೆ ಕಾಲಿಟ್ಟಳು.

ಇಪ್ಪತ್ತೈದು ನಿಮಿಷದ ದಾರಿ. ಅಲೆ ಎತ್ತಿ ಕುಕ್ಕಿದಾಗಲೆಲ್ಲ ಅವಳು ಹಲಗೆಯನ್ನು ಅವುಚಿಕೊಂಡಳು. ಅರ್ಧ ದಾರಿಯಲ್ಲಿ ದೋಣಿಯವನು ಇಂಜಿನ್ ನಿಧಾನ ಮಾಡಿದ.

“ಯಾಕೋ?” ಇನ್ಸ್‌ಪೆಕ್ಟರ್ ಗದರಿದರು.

“ಏನಿಲ್ಲ ಸಾರ್.” ಅವನು ಎದುರಿನ ದಡದ ಕಡೆ ನೋಡಲೇ ಇಲ್ಲ. ಅವನ ಆ ಮುಖ ಅವಳನ್ನು ನೀರಿಗಿಂತ ಹೆಚ್ಚು ಹೆದರಿಸಿತು.

ಐದು ಐವತ್ತು. ಹಳೇ ಸುಂಕದ ಕಟ್ಟೆಯ ಮೇಲಿನ ಮೆಟ್ಟಿಲಲ್ಲಿ ಅಜ್ಜಿ ಕೊಡೆ ತಬ್ಬಿ ನಿಂತಿದ್ದಳು. ಮೊಣಕಾಲವರೆಗೆ ನೀರು. ಪುಕ್ಕಲಿ ಹಿಂದೆಮುಂದೆ ನೋಡದೆ ನೀರಿಗಿಳಿದು ಅವಳ ಸೊಂಟ ಬಳಸಿ ಹಿಡಿದಳು. ಅಜ್ಜಿ ದೋಣಿಯವನನ್ನು ಕಂಡವಳೇ ಅವಳ ತೋಳನ್ನು ಗಟ್ಟಿಯಾಗಿ ಅಮುಕಿದಳು.

“ಇವನು ಎರಡು ಗಂಟೆಗೆ ಒಬ್ಬನೇ ವಾಪಸ್ ಬಂದಿದ್ದ ಕಣಮ್ಮ. ಕೊಡೆ ಬೀಸಿದೆ. ನನ್ನನ್ನೇ ನೋಡ್ತಾ ಸ್ವಲ್ಪ ಹೊತ್ತು ನಿಂತ. ಆಮೇಲೆ ದೋಣಿ ತಿರುಗಿಸ್ಕೊಂಡು ಹೋಗ್ಬಿಟ್ಟ.”

ಆರು ಐದಕ್ಕೆ, ಅಲ್ಲಿಯೇ, ದೋಣಿಯವನನ್ನು ದಸ್ತಗಿರಿ ಮಾಡಲಾಯಿತು. ದೋಣಿಯನ್ನು ಇನ್ಸ್‌ಪೆಕ್ಟರೇ ನಡೆಸಿಕೊಂಡು ಬಂದರು.

ಠಾಣೆಯಲ್ಲಿ ಅವನ ಹೇಳಿಕೆ ಬರೆದುಕೊಂಡವಳು ಪುಕ್ಕಲಿಯೇ.

“ಅಲ್ಲಿವರೆಗೆ ಹೋದೋನು ಯಾಕೆ ಕರ್ಕೊಂಡು ಬರಲಿಲ್ಲ?”

“ಜಾಕೆಟ್ ನೇತುಹಾಕುವಾಗ ಒಂದು ಒಣಗಿರೋದು ಕಂಡು ವಾಪಸ್ ಹೋದೆ. ಆದ್ರೆ ಹೋದ ವರ್ಷವೂ ಒಬ್ಬರನ್ನ ಬಿಟ್ಟು ಬಂದಿದ್ದೆ ಮೇಡಂ. ಇನ್ನೊಂದು ಸಲ ಆದ್ರೆ ಲೈಸೆನ್ಸ್ ರದ್ದು ಅಂದಿದ್ರು. ಅಜ್ಜಿ ಬಂದು ಬಾಯಿಬಿಟ್ರೆ ನನ್ನ ಕತೆ ಮುಗೀತು ಅನ್ನಿಸ್ತು. ಹೆದರಿಕೆ ಆಯ್ತು.”

ಅವನು ಹೇಳಿದ ಹಾಗೇ ಬರೆದಳು. ಓದಿ ಹೇಳಿ ಸಹಿ ಹಾಕಿಸಿಕೊಂಡಳು.

“ಅಜ್ಜಿ ಏನಾದ್ರೂ ತಿಂದ್ರಾ ಮೇಡಂ?” ಎಂದು ಅವನು ಕೇಳಿದ.

ಅದನ್ನು ಅವಳು ಬರೆದುಕೊಳ್ಳಲಿಲ್ಲ.