ಮೊದಲ ಜಾಡಿಯ ಮೀಸೆಯವರು

ಜಾಡಿಯಲ್ಲಿ ಏನೂ ಇರಲಿಲ್ಲ.

ಮುಚ್ಚಳ ಬಿಗಿಯಾಗಿತ್ತು. ಮೇಲಿನ ಚೀಟಿಯಲ್ಲಿ ಅಮ್ಮನ ದುಂಡನೆಯ ಅಕ್ಷರ ಹಾಗೇ ಇತ್ತು. ಜೀವಿಗಳು ಕೆಡದಂತೆ ಹಾಕುವ ಫಾರ್ಮಲಿನ್ ಕುತ್ತಿಗೆವರೆಗೂ ತುಂಬಿತ್ತು. ಮಗಳು ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅಲ್ಲಾಡಿಸಿದಳು. ತಳದಿಂದ ಏಳಬೇಕಾದ ಬಿಳಿ ಗಸಿ ಏಳಲಿಲ್ಲ. ಗಾಜಿನಾಚೆ ಅವಳದೇ ಬೆರಳುಗಳು ದಪ್ಪದಪ್ಪವಾಗಿ ಕಂಡವು.

ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಅಮ್ಮ ಹಾಸಿಗೆ ಹಿಡಿದಂದಿನಿಂದ ಅವಳಿಗೆ ಎಲ್ಲವೂ ದಪ್ಪ ಗಾಜಿನಾಚೆಯೇ ನಡೆಯುತ್ತಿತ್ತು. ಕೈ ತೊಳೆದುಕೊಂಡು ಹೋಗಿ ಪ್ರಯೋಗಾಲಯದ ನಿರ್ದೇಶಕರಿಗೆ ಹೇಳಿದಳು.

"ಮೊದಲ ಜಾಡೀನಾ? ಇವತ್ತೇ ಆಗಬೇಕಿತ್ತಾ ಈ ರಗಳೆ? ನಾಳೆ ಪತ್ರಿಕೆಯವರು ಬರ್ತಾರಮ್ಮ!"

ಆ ಕಡಲ ಪ್ರಯೋಗಾಲಯದಲ್ಲಿ ಅಮ್ಮ ವರ್ಷವರ್ಷವೂ ಒಂದೇ ಜಾಗದಲ್ಲಿ ಸಣ್ಣ ಕಣ್ಣಿನ ಬಲೆ ಎಳೆದವಳು. ಮೊದಲ ವರ್ಷದ ಜಾಡಿಯ ತುಂಬ ತಣ್ಣೀರಿನ ಕೋಪೆಪಾಡ್‌ಗಳು, ಸಿಗಡಿಯ ದೂರದ ನೆಂಟರಾದ ಪುಟ್ಟ ಜೀವಿಗಳು — ಅಕ್ಕಿಕಾಳಿನಷ್ಟು ಮೈ, ಮೈಗಿಂತ ಉದ್ದದ ಮೀಸೆ. ಅಮ್ಮ ಅವಕ್ಕೆ 'ಮೀಸೆಯವರು' ಎನ್ನುತ್ತಿದ್ದಳು. ಕೊಬ್ಬಿನ ಗುಳಿಗೆಗಳು, ಮೀನಿಗೆ ಅವೇ ಅನ್ನ. ಕಡಲು ಬೆಚ್ಚಗಾಗುತ್ತಾ ಹೋದಂತೆ ಮೀಸೆಯವರು ತಣ್ಣನೆಯ ನೀರು ಹುಡುಕಿಕೊಂಡು ಹೋದರು. ಅವರ ಜಾಗಕ್ಕೆ ಬಡಕಲು ಜಾತಿ ಬಂತು. ಅದನ್ನು ತಿಂದ ಮೀನೂ ಬಡಕಲಾಯಿತು. ಮಗಳು ಅದೇ ಕೆಲಸಕ್ಕೆ ಸೇರುವ ಹೊತ್ತಿಗೆ ಬಲೆಯಲ್ಲಿ ಒಂದೂ ಮೀಸೆ ಇರಲಿಲ್ಲ.

ಈ ಸಲದ ಬಲೆಯಲ್ಲಿ ಮಾತ್ರ ಇದ್ದವು. ರಾಶಿರಾಶಿ! ಕಡಲು ಚೇತರಿಸಿಕೊಂಡಿದೆ ಎಂದು ನಿರ್ದೇಶಕರು ಊರಿಗೆಲ್ಲ ಸಾರಲು ಹೊರಟಿದ್ದರು. ಹೊಸದನ್ನು ಹಳೆಯದರ ಜೊತೆ ಹೋಲಿಸೋಣವೆಂದೇ ಅವಳು ಮೊದಲ ಜಾಡಿ ಇಳಿಸಿದ್ದು.

ಭದ್ರತೆಯ ಅಧಿಕಾರಿಣಿ ಬಂದರು. ಪೊಲೀಸು ಕೆಲಸದಿಂದ ನಿವೃತ್ತರಾದವರು. ಎಲ್ಲರ ಬಾಯಲ್ಲೂ 'ಪತ್ತೇದಾರಮ್ಮ'. ತಲೆಯ ಮೇಲಿದ್ದ ಕನ್ನಡಕವನ್ನು ಮೇಜಿನ ಮೇಲೆಲ್ಲ ಹುಡುಕಿದರು.

"ಕಳ್ಳನ್ನ ಹಿಡೀತಾರೆ, ಕನ್ನಡಕ ಸಿಗಲ್ಲ," ಎಂದ ಬಾಗಿಲಲ್ಲಿ ನಿಂತಿದ್ದ ದೋಣಿಮಾವ. ಅಮ್ಮನ ಕಾಲದಿಂದಲೂ ದೋಣಿ ನಡೆಸುವವನು ಅವನೇ.

"ನೀವೇ ಬನ್ನಿ ಮೊದಲು. ಉಗ್ರಾಣದ ಕೀ ಇದೆಯಾ ನಿಮ್ಮ ಹತ್ರ?"

"ಇದ್ದಿದ್ರೆ ಗಾಜಿನ ಜಾಡಿ ಮನೆಗೆ ಒಯ್ತಿದ್ದೆ, ಉಪ್ಪಿನಕಾಯಿಗೆ. ಹುಳ ಯಾರಿಗೆ ಬೇಕು ತಾಯಿ?"

"ಈ ಸಲ ಬಲೆ ಎತ್ತಿದಾಗ ಏನು ಕಂಡಿತು?"

"ಏನ್ ಕಾಣುತ್ತೆ? ಗಂಜಿ ತಿಳಿ. ಇವರಮ್ಮನ ಕಾಲದಲ್ಲಿ ಬಲೆ ತುದಿಯ ಬಾಟಲಿ ಇಟ್ಟಿಗೆ ಪುಡಿ ಕಲಸಿದ ಹಾಗಿರ್ತಿತ್ತು. ಈ ಸಲ ರಾಶಿ ಬಂತು ಅಂತಾರೆ, ನನಗಂತೂ ಏನೂ ಕಾಣಲಿಲ್ಲ. ವಯಸ್ಸಾಯ್ತು, ಕಣ್ಣು ಮಂಜು."

"ಆಮೇಲೆ ಬಾಟಲಿ?"

"ದೋಣೀಲೇ ಫಾರ್ಮಲಿನ್ ಹಾಕಿದ್ವಿ," ಎಂದಳು ಮಗಳು. "ಸಂಜೆ ಉಗ್ರಾಣದಲ್ಲಿಟ್ಟು ಬೀಗ ಹಾಕಿದೆ. ಮಾರನೇ ಬೆಳಿಗ್ಗೆ ತೆರೆದು ನೋಡಿದೆ."

"ಕೀ ಯಾರ್ಯಾರ ಹತ್ರ?"

"ನನ್ನ ಹತ್ರ. ನಿರ್ದೇಶಕರ ಹತ್ರ. ಮತ್ತೆ ಅಪ್ಪನ ಹತ್ರ."

ಅಪ್ಪ ಅಷ್ಟರಲ್ಲಿ ಮಗಳ ಊಟದ ಡಬ್ಬಿ ಹಿಡಿದು ಒಳಗೆ ಬಂದ. ಉಗ್ರಾಣ ಕಾಯುತ್ತಿದ್ದವನು, ನಿವೃತ್ತನಾದರೂ ಕೀ ಯಾರೂ ಕೇಳಲಿಲ್ಲ, ಅವನೂ ಕೊಡಲಿಲ್ಲ. ಜಾಡಿಗಳಲ್ಲಿ ಫಾರ್ಮಲಿನ್ ಆರುತ್ತದೆ, ಆರಿದಷ್ಟು ತುಂಬಬೇಕು. ಅದನ್ನು ಈಗಲೂ ಬಂದು ತುಂಬುವವನು ಅವನೇ.

"ಯಜಮಾನರೇ, ದೋಣಿ ಹತ್ತಿದ್ದುಂಟಾ?"

"ನಾನಾ? ದಡದಲ್ಲಿ ನಿಂತರೇ ಹೊಟ್ಟೆ ತೊಳಸುತ್ತೆ. ಸಮುದ್ರ ಅವಳದು, ಕಪಾಟು ನಂದು ಅಂತ ಮದುವೇಲೇ ಮಾತಾಗಿತ್ತು."

ಪತ್ತೇದಾರಮ್ಮ ಮಗಳ ಕಡೆ ತಿರುಗಿದರು. "ಬಂದಿವೆ ಅಂತ ಮೊದಲು ಯಾರಿಗೆ ಹೇಳಿದಿರಿ?"

"ಅಮ್ಮನಿಗೆ. ಆಸ್ಪತ್ರೆಯವರು ಕೈ ಚೆಲ್ಲಿ ಮನೆಗೆ ಕಳಿಸಿದಾರೆ. ದಿನಾ ಒಂದೇ ಮಾತು — ಮೀಸೆಯವರು ಬಂದ್ರಾ?"

"ಹೇಳಿದಾಗ ಏನಂದರು?"

"ಬಣ್ಣ ಹೇಗಿತ್ತು ಅಂದಳು. ಬೆಳ್ಳಗೆ ಅಂದೆ. 'ಸರಿ, ಊಟ ಮಾಡು' ಅಂದು ಗೋಡೆ ಕಡೆ ತಿರುಗಿದಳು. ಆಮೇಲೆ ಕೇಳಲೇ ಇಲ್ಲ."

ಪತ್ತೇದಾರಮ್ಮ ತಲೆ ಮೇಲಿನ ಕನ್ನಡಕ ಇಳಿಸಿ ಒರೆಸಿದರು. ತುಂಬ ಹೊತ್ತು ಒರೆಸಿದರು.

"ಇಲ್ಲಿ ಕಳ್ಳತನ ಆಗಿಲ್ಲ. ಜಾಡಿಯಲ್ಲಿದ್ದದ್ದು ಈ ಸಲದ ಬಾಟಲಿಗೆ ಹೋಗಿದೆ, ಅಷ್ಟೆ."

"ಏನು?" ನಿರ್ದೇಶಕರು ಎದ್ದೇಬಿಟ್ಟರು.

"ಬದುಕಿರೋ ಮೀಸೆಯವರು ಕೆಂಪಗಿರ್ತಾರೆ — ಇಟ್ಟಿಗೆ ಪುಡಿ ಅಂದರಲ್ಲ? ಹೇಳಮ್ಮ, ಫಾರ್ಮಲಿನ್‌ನಲ್ಲಿ ಆ ಕೆಂಪು ಹೋಗೋಕೆ ಎಷ್ಟು ಹೊತ್ತು ಬೇಕು?"

"ದಿನಗಳು... ಒಂದು ರಾತ್ರಿಗೆ ಹೋಗಲ್ಲ," ಎಂದಳು ಮಗಳು.

ಕೆಂಪು ಎಂದು ಅವಳು ಪುಸ್ತಕದಲ್ಲಿ ಓದಿದ್ದಳು. ಆದರೆ ಕಣ್ಣು ಕಂಡದ್ದೆಲ್ಲ ಜಾಡಿಯ ಬಿಳಿ. ಬಿಳಿಯನ್ನೇ ಕಂಡಾಗ, ಗುರುತು ಸಿಕ್ಕಿತೆಂದುಕೊಂಡಿದ್ದಳು.

"ಹಾಗಾದರೆ ಸುರಿದವರು ಯಾರು? ದೋಣಿಯವರಿಗೆ ಕೀ ಇಲ್ಲ, ಬಣ್ಣವೂ ಗೊತ್ತು. ನಿರ್ದೇಶಕರಿಗೆ ಚಪ್ಪಾಳೆ ಬೇಕು, ಆದರೆ ಖಾಲಿ ಜಾಡಿಯನ್ನ ಕುತ್ತಿಗೆವರೆಗೆ ತುಂಬಿಸಿಡೋ ತಾಳ್ಮೆ? ಫಾರ್ಮಲಿನ್ ಎಲ್ಲಿಟ್ಟಿದೆ ಅಂತ ಗೊತ್ತಾ ಸಾರ್?"

"ನನಗೆ ಆ ವಾಸನೆ ಆಗಲ್ಲ," ಎಂದರು ಅವರು.

"ಮಗಳೇ ಮಾಡಿದ್ದರೆ, ಖಾಲಿ ಜಾಡಿ ತಾನೇ ತಂದು ತೋರಿಸುತ್ತಿರಲಿಲ್ಲ. ಉಳಿದವರು ಒಬ್ಬರು. ಕಡಲಿಗೆ ಹೋಗದವರು. ಮೀಸೆಯವರ ಬಣ್ಣವೇ ಬಿಳಿ ಅಂದುಕೊಂಡವರು. ತಪ್ಪು ಮಾಡುವಾಗಲೂ ಜಾಡಿಯ ಫಾರ್ಮಲಿನ್ ಕುತ್ತಿಗೆಗಿಂತ ಕೆಳಗಿದ್ದರೆ ನೋಡಿ ಸಹಿಸದವರು." ಅವರ ದನಿ ಇಳಿಯಿತು. "ಯಜಮಾನರೇ?"

ಅಪ್ಪ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಸದ್ದಾಗದಂತೆ.

"ಬಟ್ಟೇಲಿ ಸೋಸಿ ಹಾಕಿದೆ," ಎಂದ. "ಅವಳು ಕೇಳ್ತಾನೇ ಇದ್ದಳು. ಒಂದು ಸಲ ಹೂಂ ಅನ್ನಿಸೋಣ ಅಂತ. ಪತ್ರಿಕೆವರೆಗೆ ಹೋಗುತ್ತೆ ಅಂತ ಗೊತ್ತಿರಲಿಲ್ಲ." ಮಗಳ ಕಡೆ ನೋಡಿದ. "ಅವಳಿಗೆ ಮಾತ್ರ ಹೇಳಬೇಡ."

"ಅವಳಿಗೆ ಅವತ್ತೇ ಗೊತ್ತಾಗಿದೆ ಅಪ್ಪ. ಬಣ್ಣ ಬೆಳ್ಳಗೆ ಅಂದಾಗಲೇ."

ಅಪ್ಪ ಡಬ್ಬಿಯ ಮುಚ್ಚಳವನ್ನು ಒತ್ತಿ ಸರಿಮಾಡಿದ. "ಅವತ್ತಿಂದ ನನ್ನ ಮುಖ ನೋಡಿ ನಗ್ತಾಳೆ. ಖುಷಿಗೆ ಅಂದುಕೊಂಡಿದ್ದೆ."

ನಿರ್ದೇಶಕರು ಪತ್ರಿಕೆಯವರಿಗೆ ಬರಬೇಡಿ ಎಂದು ಫೋನು ಮಾಡಿದರು. ಮಗಳು ವರದಿಯಲ್ಲಿ 'ಮೀಸೆಯವರು ಸಿಗಲಿಲ್ಲ' ಎಂದು ತಿದ್ದಿದಳು. ಮೊದಲ ವರ್ಷದ ಜೀವಿಗಳು ಈ ವರ್ಷದವುಗಳ ಜೊತೆ ಬೆರೆತುಹೋಗಿದ್ದವು. ಇನ್ನು ಯಾವುದನ್ನೂ ಬಿಡಿಸಿ ಎಣಿಸುವಂತಿರಲಿಲ್ಲ. ಅಳು ಬಂದೀತೆಂದು ಕಾದಳು. ಬರಲಿಲ್ಲ.

ಸಂಜೆ ಅಪ್ಪ ಮಂಚದ ಪಕ್ಕ ಕೂತು ತಾನೇ ಹೇಳಿದ. "ಬಂದಿಲ್ಲ ಕಣೇ. ನಾನೇ ಮೊದಲ ಜಾಡಿಯಿಂದ ಸುರಿದದ್ದು."

ಅಮ್ಮ ಗೋಡೆಯಿಂದ ಈ ಕಡೆ ಹೊರಳಿದಳು.

"ಅಷ್ಟೊಂದು ಜಾಡಿ ಇದ್ವಲ್ಲ. ಮೊದಲನೇದೇ ಬೇಕಿತ್ತಾ ನಿಮಗೆ?"

"ಅದರಲ್ಲೇ ಕಣೇ ಜಾಸ್ತಿ ಇದ್ದದ್ದು," ಎಂದ ಅಪ್ಪ.