ಬಲಗಿವಿಗೆ ಬಿದ್ದ ಮಾತು

ಭಾಷಣಗಳ ವಿಡಿಯೋ ತೆಗೆಯುವುದರಲ್ಲಿ ನನ್ನನ್ನು ಮೀರಿಸುವವರು ಮೂರು ಲೋಕದಲ್ಲೂ ಇಲ್ಲ. ಅಂಥ ನಾನು ಹೆಡ್‌ಮಾಸ್ಟರರ ನಿವೃತ್ತಿ ಸಮಾರಂಭದಲ್ಲಿ, ಅವರ ಮಗಳ ಕಾಲರಿಗೆ ಮೈಕ್ ಸಿಕ್ಕಿಸಲು ಹೋಗಿ ಅದನ್ನು ಕೈಜಾರಿ ಬೀಳಿಸಿದೆ.

"ಹೊಸಬರಾ?" ಎಂದಳು. ಕಣ್ಣಂಚಿನ ನಗು ತುಟಿಯವರೆಗೆ ಇಳಿಯಲಿಲ್ಲ.

"ಮೈಕ್ ಹೊಸದು, ನಾನು ಹಳಬ. ಇರುವೆ ಆಕಳಿಸಿದ್ರೂ ನನ್ನ ಆಡಿಯೋದಲ್ಲಿ ಕೇಳಿಸುತ್ತೆ."

ಆಕೆ ಪಶುವೈದ್ಯೆ. ಒದೆಯುವ ಕುದುರೆಗೂ ಹೆದರದವಳು, ವೇದಿಕೆಯ ಮೇಲೆ ಅಪ್ಪ ದಿನಾ ಬೆಳಿಗ್ಗೆ ತನ್ನ ಶೂ ಒರೆಸಿಕೊಡುತ್ತಿದ್ದುದನ್ನು ಹೇಳುತ್ತ ಅರ್ಧಕ್ಕೇ ಬಿಕ್ಕತೊಡಗಿದಳು. ಕ್ಯಾಮೆರಾದಲ್ಲಿ ಆ ಕಣ್ಣುಗಳು ಎರಡು ತುಂಬಿದ ಕೆರೆ. ನನ್ನ ಬಾಯಿ ನನ್ನನ್ನು ಕೇಳದೆ ಪಿಸುಗುಟ್ಟಿತು: "ಅಳಬೇಡ ಕಣೇ, ನಾನಿದ್ದೀನಿ."

ಸಮಾರಂಭ ಮುಗಿದೊಡನೆ, ಅಪ್ಪನಿಗೆ ಇವತ್ತೇ ನೋಡಬೇಕಂತೆ ಎಂದು ಪೆನ್‌ಡ್ರೈವ್ ಚಾಚಿದಳು. ಎಡಿಟ್ ಮಾಡಿ ಕೊಡುತ್ತೇನೆ ಎನ್ನುವ ಬುದ್ಧಿ ಆ ಮುಖದೆದುರು ಎಲ್ಲಿಂದ ಬರಬೇಕು? ಇದ್ದದ್ದನ್ನು ಇದ್ದ ಹಾಗೇ ಕೊಟ್ಟೆ.

ಮನೆಗೆ ಬಂದು ಹೆಡ್‌ಫೋನ್ ಹಾಕಿಕೊಂಡೆ. ಕಾಲರ್ ಮೈಕಿನ ಧ್ವನಿ ಎಡಗಿವಿಗೆ, ಕ್ಯಾಮೆರಾ ಮೈಕಿನದು ಬಲಗಿವಿಗೆ. ಎಡಗಿವಿಯಲ್ಲಿ ಅವಳು ಬಿಕ್ಕುತ್ತಿದ್ದಾಳೆ, ಬಲಗಿವಿಯಲ್ಲಿ ನಾನು. ಒಂದಕ್ಷರವೂ ಮಾಸಿಲ್ಲ. ನನ್ನ ಕೀರ್ತಿಯೇ ನನ್ನ ಕುತ್ತಿಗೆಗೆ ಬಂದಿತ್ತು. ಆಗತಾನೇ ಕಂಡ ಹೆಣ್ಣಿಗೆ 'ಕಣೇ' ಅಂದಿದ್ದೇನೆ. ಅದೂ ಯಾರ ಮಗಳಿಗೆ? ಆ ಹೆಡ್‌ಮಾಸ್ಟರರು ಕೆಮ್ಮಿದರೆ ಬೀದಿನಾಯಿಗಳೂ ಸಾಲಾಗಿ ನಿಲ್ಲುತ್ತವೆ. ಪೋಲಿ ಎಂದುಕೊಂಡಾಳು, ಇನ್ನು ನನ್ನ ಮುಖ ನೋಡುವುದುಂಟೇ?

ಬೆಳಗಾಗುತ್ತಲೇ, ವಿಡಿಯೋದಲ್ಲಿ ತಾಂತ್ರಿಕ ದೋಷವಿದೆ ಎಂಬ ಸುಳ್ಳು ಹೊತ್ತು ಅವರ ಮನೆಗೆ ಓಡಿದೆ. ಬಾಗಿಲು ತೆರೆದವರು ಸಾಕ್ಷಾತ್ ಹೆಡ್‌ಮಾಸ್ಟರರು. ಹೊತ್ತು ತಂದ ಸುಳ್ಳನ್ನು ಒಂದೇ ಉಸಿರಿಗೆ ಒಪ್ಪಿಸಿದೆ.

"ದೋಷ ಏನೂ ಇಲ್ಲವಲ್ಲಪ್ಪ," ಎಂದರು. "ಮನೇಲಿರೋದು ಒಂದೇ ಇಯರ್‌ಫೋನ್. ಎಡಗಡೇದು ಮಗಳು ಹಾಕ್ಕೊಂಡ್ಲು." ತಮ್ಮ ಬಲಗಿವಿಯನ್ನು ಮೆಲ್ಲಗೆ ಮುಟ್ಟಿಕೊಂಡರು. "ಇದು ನನಗೆ ಬಂತು."

ಭೂಮಿ ಬಾಯಿ ಬಿಡಲಿ ಎಂದು ಬೇಡಿಕೊಂಡೆ. ಅದು ಬಿಡಲಿಲ್ಲ.

"ನನ್ನ ಕಿವೀಲಿ ಹೇಳಿ ಏನಪ್ಪ ಪ್ರಯೋಜನ? ಯಾರಿಗೆ ಹೇಳಬೇಕೋ ಅವರಿಗೆ ಹೇಳು," ಎಂದು ಚಪ್ಪಲಿ ಮೆಟ್ಟಿ ಗೇಟು ದಾಟಿದರು.

ಅವಳು ಒಳಬಾಗಿಲಿಗೆ ಒರಗಿ ನಿಂತಿದ್ದಳು. ಹೊಸಿಲನ್ನೇ ನೋಡುತ್ತ, "ನಾನಿದ್ದೀನಿ," ಎಂದೆ. ನನಗೇ ಕೇಳಿಸಲಿಲ್ಲ.

"ಅಪ್ಪ ಒಬ್ಬರೇ ಯಾಕೆ ನಗ್ತಿದ್ದಾರೆ ಅಂತ ನಾನೂ ಬಲಗಡೇದು ಹಾಕ್ಕೊಂಡು ನೋಡಿದೆ," ಎಂದಳು. ನಿನ್ನೆಯ ನಗು ಈಗ ತುಟಿಗೆ ಇಳಿದಿತ್ತು. "ಇರುವೆ ಆಕಳಿಕೆ ಕೇಳಿಸೋನು ನೀನು. ಸ್ವಲ್ಪ ಜೋರಾಗಿ ಹೇಳು ಕಣೋ."